ಹಾಜರಿ ಪುಸ್ತಕ ನಮ್ಮ ಮನೆಗೆ ಬರುವುದು ಬೇಡ, ನಾವೇ ಸಭೆಗೆ ಹೋಗೋಣ



ಬರುವ ಶನಿವಾರ ಮಧ್ಯಾಹ್ನ 3 ಗಂಟೆಗೆ ನಮ್ಮ ವಾರ್ಡ್‌ಸಭೆ. ಜಾಗ, ಸರ್ಕಾರಿ ಪ್ರಾಥಮಿಕ ಶಾಲೆಯ ಅಂಗಳ. ಗುಡಿ ಮುಂದಿನ ಕಟ್ಟೆ ಬೇಡ, ಎಲ್ಲ ಕೇರಿಯವರೂ ಅಳುಕಿಲ್ಲದೆ ಬಂದು ಕೂರುವ ಜಾಗ ಆಗಬೇಕು ಎಂದು ಕೇಳಿ ಪಡೆದದ್ದು ಇದು. ಹೊತ್ತನ್ನೂ ಹಾಗೇ ಕೇಳಿ ಪಡೆದಿದ್ದೇವೆ. ಅಷ್ಟು ಹೊತ್ತಿಗೆ ಕೂಲಿಗೆ ಹೋದವರೂ ಮನೆಗೆ ಬಂದಿರುತ್ತಾರೆ. ಇದಾಗಿ ಹದಿನೈದು ದಿನಕ್ಕೆ ಗ್ರಾಮಸಭೆ. ಮುಂದಿನ ವರ್ಷ ನಮ್ಮೂರಿಗೆ ಯಾವ ಕೆಲಸ ಬೇಕು, ಯಾವುದು ಮೊದಲು, ಯಾವುದಕ್ಕೆ ಎಷ್ಟು ದುಡ್ಡು ಎಂಬುದು ಈ ಎರಡು ಸಭೆಗಳಲ್ಲಿ ತೀರ್ಮಾನ ಆಗಬೇಕು. ಕಾನೂನು ಹೇಳುವುದು ಹಾಗೆ. ನಮ್ಮಲ್ಲಿ ಹಾಗೆ ಆಗುತ್ತಿಲ್ಲ.

ಹೋದ ಸಲ ಏನಾಯಿತು ಹೇಳುತ್ತೇನೆ. ಬಟ್ಟೆ ಒಗೆಯುತ್ತಿದ್ದೆ. ಹಾಜರಿ ಪುಸ್ತಕ ಹಿಡಿದುಕೊಂಡು ಬಂದವರು, "ಅಕ್ಕ, ಇಲ್ಲೊಂದು ಸೈನ್ ಹಾಕಿ, ಸಭೇದು" ಅಂದರು. ಕೈಯನ್ನು ಸೆರಗಿಗೆ ಒರೆಸಿಕೊಂಡು ಹಾಕಿಕೊಟ್ಟೆ. ಸಭೆ ಎಲ್ಲಿ ಆಯಿತು, ಯಾರು ಬಂದಿದ್ದರು, ಏನು ಬರೆದುಕೊಂಡರು ಎಂದು ಒಂದು ಮಾತು ಕೇಳಲಿಲ್ಲ. ನನ್ನ ಹೆಸರಿನ ಮೇಲೆ ಆಗಲೇ ಒಂದು ಪುಟ ತುಂಬ ಸಹಿಗಳಿದ್ದವು, ಹೆಬ್ಬೆಟ್ಟುಗಳಿದ್ದವು. ಎಲ್ಲ ನಮ್ಮ ಓಣಿಯವರದೇ. ಎಲ್ಲರೂ ನನ್ನಂತೆಯೇ ಮನೆ ಬಾಗಿಲಲ್ಲಿ ನಿಂತು ಹಾಕಿದವರು.

ಆ ಪುಸ್ತಕದ ಬಲದ ಮೇಲೆ ಆದ ಕೆಲಸ ಇವತ್ತು ನಮ್ಮ ಕಣ್ಣ ಮುಂದಿದೆ. ಮೊದಲೇ ಚೆನ್ನಾಗಿದ್ದ ಸಿಸಿ ರಸ್ತೆಯ ಮೇಲೆ ಇನ್ನೊಂದು ಪದರ ಕಾಂಕ್ರೀಟ್ ಬಿತ್ತು. ರಸ್ತೆ ಎತ್ತರವಾಯಿತು, ಎರಡೂ ಬದಿಯ ಮನೆಗಳು ತಗ್ಗಿಗೆ ಬಿದ್ದವು. ಈಗ ಜೋರು ಮಳೆ ಬಂದರೆ ನೀರು ಹೊಸಿಲು ದಾಟಿ ಒಳಗೆ ಬರುತ್ತದೆ. ರಾತ್ರಿಯೆಲ್ಲ ಮಕ್ಕಳನ್ನು ಮಂಚದ ಮೇಲೆ ಕೂರಿಸಿಕೊಂಡು ತಟ್ಟೆಯಲ್ಲಿ ನೀರು ತೋಡಿ ಹಾಕುತ್ತೇವೆ. ಅದೇ ವರ್ಷ ಕೆಳಗಿನ ಕೇರಿಯ ಮಿನಿ ಟ್ಯಾಂಕಿಗೆ ಒಂದು ನಲ್ಲಿ ಹಾಕಿಸಲು ದುಡ್ಡಿಲ್ಲ ಅಂದರು. ಹೋಗಿ ನೋಡಿ. ನಾಲ್ಕು ನಲ್ಲಿಗಳಲ್ಲಿ ಮೂರು ಮುರಿದಿವೆ. ಒಂದಕ್ಕೆ ಕಡ್ಡಿ ತುರುಕಿ ಸೈಕಲ್ ಟ್ಯೂಬ್ ಸುತ್ತಿದ್ದಾರೆ, ಅದರಿಂದ ಹಗಲೂ ರಾತ್ರಿ ನೀರು ತೊಟ್ಟಿಕ್ಕುತ್ತದೆ. ಸುತ್ತ ಕಲ್ಲುಚಪ್ಪಡಿ ಇಲ್ಲದೆ ಮೊಣಕಾಲಿನವರೆಗೆ ಕೆಸರು. ಆ ಕೆಸರಲ್ಲಿ ಕೊಡ ಇಟ್ಟುಕೊಂಡು ಸರದಿ ಕಾಯುವವರು ಎಂಟು ತಿಂಗಳ ಬಸುರಿಯರೂ ಹೌದು, ಶಾಲೆಗೆ ಹೊರಟ ಹುಡುಗಿಯರೂ ಹೌದು. ಆ ಟ್ಯಾಂಕಿನ ಮಾತನ್ನು ಎತ್ತಲು ಸಭೆಯಲ್ಲಿ ಯಾರೂ ಇರಲಿಲ್ಲ. ಸಹಿ ಮಾತ್ರ ಇತ್ತು, ನನ್ನದೂ ಇತ್ತು.

ಇದು ಒಂದು ನಲ್ಲಿಯ ಜಗಳ ಅಂದುಕೊಳ್ಳಬೇಡಿ. ನಾವು ಶನಿವಾರ ಹೇಳಿ ಬರೆಸುವುದು ದೇಶದ ಯೋಜನೆಯ ಮೊದಲ ಪುಟ. 2018ರ ಅಕ್ಟೋಬರ್ 2ರಂದು ಜನಯೋಜನೆ ಅಭಿಯಾನ ಶುರುವಾಯಿತು. ದೇಶದ ಎರಡೂವರೆ ಲಕ್ಷಕ್ಕೂ ಹೆಚ್ಚು ಪಂಚಾಯಿತಿಗಳಲ್ಲಿ ಪ್ರತಿಯೊಂದೂ ತನ್ನ ಜನರನ್ನು ಕೂರಿಸಿಕೊಂಡು ತನ್ನ ಅಭಿವೃದ್ಧಿ ಯೋಜನೆಯನ್ನು ತಾನೇ ಬರೆಯಬೇಕು ಎಂಬುದು ಅದರ ಕಟ್ಟಳೆ. ಬಡತನ, ಆರೋಗ್ಯ, ಮಕ್ಕಳು, ನೀರು, ಸ್ವಚ್ಛತೆ, ಹೆಣ್ಣುಮಕ್ಕಳ ನೆಮ್ಮದಿ ಹೀಗೆ ಒಂಬತ್ತು ವಿಷಯಗಳನ್ನು ಮುಂದಿಟ್ಟುಕೊಂಡು ಬರೆಯಬೇಕು. ಸ್ತ್ರೀಶಕ್ತಿ, ಸಂಜೀವಿನಿ ಸಂಘಗಳು ಬಡವರ ಬೇಡಿಕೆಗಳನ್ನು ಪಟ್ಟಿ ಮಾಡಿ ತಂದರೆ ಅದನ್ನೂ ಸೇರಿಸಿಕೊಳ್ಳಬೇಕು. ಊರಲ್ಲಿ ಬರೆದದ್ದು ತಾಲ್ಲೂಕಿಗೆ, ಅಲ್ಲಿಂದ ಜಿಲ್ಲೆಗೆ ಹೋಗುತ್ತದೆ. ಎಲ್ಲವನ್ನೂ ಜೋಡಿಸಲು ಜಿಲ್ಲಾ ಯೋಜನಾ ಸಮಿತಿ ಇರಲೇಬೇಕು ಎಂದು ಸಂವಿಧಾನವೇ ಹೇಳಿದೆ. ಕೆಳಗೆ ಸುಳ್ಳು ಬರೆದರೆ ಮೇಲಿನವರೆಗೂ ಸುಳ್ಳೇ ಏರಿಕೊಂಡು ಹೋಗುತ್ತದೆ.

ದೇಶಕ್ಕೆ ಒಂದು ಯೋಜನೆ ಬೇಕು ಎಂದು ಮೊದಲೇ ಯೋಚಿಸಿ ಪುಸ್ತಕ ಬರೆದವರು ನಮ್ಮ ವಿಶ್ವೇಶ್ವರಯ್ಯನವರು, 1934ರಲ್ಲಿ. ಸ್ವಾತಂತ್ರ್ಯ ಬಂದ ಮೇಲೆ 1951ರಲ್ಲಿ ಮೊದಲ ಪಂಚವಾರ್ಷಿಕ ಯೋಜನೆ, ಮರುವರ್ಷ ಸಮುದಾಯ ಅಭಿವೃದ್ಧಿ ಕಾರ್ಯಕ್ರಮ. ದುಡ್ಡು ಬಂತು, ಜೀಪು ಬಂತು, ಅಧಿಕಾರಿಗಳು ಬಂದರು, ಆದರೆ ಊರಿನವರು ಅದನ್ನು ತಮ್ಮದು ಅಂದುಕೊಳ್ಳಲಿಲ್ಲ. 1957ರಲ್ಲಿ ಬಲವಂತರಾಯ್ ಮೆಹ್ತಾ ಸಮಿತಿ ಹೇಳಿದ್ದೂ ಅದನ್ನೇ: ಜನರೇ ಆರಿಸಿದ ಸಂಸ್ಥೆಗಳ ಕೈಗೆ ಅಧಿಕಾರ ಮತ್ತು ಹಣ ಕೊಡದೆ ಇದು ನಡೆಯುವುದಿಲ್ಲ. ಆ ಮಾತನ್ನು ನಿಜವಾಗಿ ಮನಸ್ಸಿಗೆ ಹಚ್ಚಿಕೊಂಡವರಲ್ಲಿ ನಮ್ಮ ಅಬ್ದುಲ್ ನಜೀರ್ ಸಾಬ್ ಒಬ್ಬರು. ಊರೂರಿಗೆ ಬೋರ್‌ವೆಲ್ ಕೊರೆಸಿ ನೀರ್ ಸಾಬ್ ಎನಿಸಿಕೊಂಡವರು. ಅವರು ಸಚಿವರಾಗಿದ್ದಾಗ ಬಂದ ಕಾನೂನಿನಂತೆ 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ಆಯಿತು. ಹೆಣ್ಣುಮಕ್ಕಳಿಗೆ ನೂರಕ್ಕೆ 25 ಸ್ಥಾನ ಮೀಸಲಿತ್ತು. ದೇಶದ ಸಂವಿಧಾನಕ್ಕೆ 73ನೇ ತಿದ್ದುಪಡಿ ಬಂದು ಜಾರಿಯಾದದ್ದು ಅದಾಗಿ ಆರು ವರ್ಷಕ್ಕೆ, 1993ರ ಏಪ್ರಿಲ್ 24ಕ್ಕೆ. ಇಂಥ ನಾಡಿನವರು ನಾವು ಇವತ್ತು ಬಾಗಿಲಲ್ಲಿ ನಿಂತು ಓದದ ಪುಸ್ತಕಕ್ಕೆ ಸಹಿ ಹಾಕುತ್ತಿದ್ದೇವಲ್ಲ, ನನಗೆ ಸಂಕಟವಾಗುವುದು ಅದಕ್ಕೆ.

ಪಕ್ಕದ ಕೇರಳದಲ್ಲಿ 1996ರ ಆಗಸ್ಟ್ 17ರಂದು ಜನರ ಯೋಜನೆ ಚಳವಳಿ ಎದ್ದಿತು. ರಾಜ್ಯದ ಯೋಜನಾ ವೆಚ್ಚದಲ್ಲಿ ನೂರಕ್ಕೆ 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೇ ಬಿಟ್ಟುಕೊಟ್ಟರು. ಅಲ್ಲಿನವರು ಹಣಕ್ಕೆ ಕಾದು ಕೂರಲಿಲ್ಲ; ಮೊದಲು ವಾರ್ಡಿನಲ್ಲಿ ಕೂತರು, ಲೆಕ್ಕ ಹಾಕಿದರು, ಗುಂಪುಗುಂಪಾಗಿ ಚರ್ಚೆ ಮಾಡಿದರು. ನಿವೃತ್ತ ಎಂಜಿನಿಯರುಗಳು, ಮೇಷ್ಟ್ರುಗಳು ಬಂದು ಜನರ ಜೊತೆ ಎಸ್ಟಿಮೇಟಿಗೆ ಕೂತರು. ನಮ್ಮೂರಲ್ಲೂ ನಿವೃತ್ತರಾದ ಮೇಷ್ಟ್ರುಗಳಿದ್ದಾರೆ, ಡಿಪ್ಲೊಮಾ ಓದಿದ ಹುಡುಗರಿದ್ದಾರೆ, ಲೈನ್‌ಮನ್ ಆಗಿದ್ದವರಿದ್ದಾರೆ. ನಿಮ್ಮನ್ನು ಕೈಮುಗಿದು ಕೇಳುತ್ತೇನೆ, ಶನಿವಾರ ನೀವು ಮುಂದಿನ ಸಾಲಿನಲ್ಲಿ ಕೂರಿ.

ಈಗ ಮಾಡಬೇಕಾದ ಕೆಲಸದ ಮಾತಿಗೆ ಬರೋಣ. ಶುಕ್ರವಾರ ಸಂಜೆಯೊಳಗೆ ಒಂದೊಂದು ಓಣಿಯವರು ತಮ್ಮ ಓಣಿಯನ್ನು ಒಂದು ಸುತ್ತು ನಡೆದು ನೋಡಿ. ಕೈಯಲ್ಲಿ ನೋಟ್‌ಬುಕ್ ಇರಲಿ. ಮನೆಮನೆಗೆ ಗಂಗೆ ಯೋಜನೆಯ ನಲ್ಲಿ ಎಷ್ಟು ಮನೆಗೆ ಬಂದಿದೆ, ಅದರಲ್ಲಿ ನೀರು ಬರುವುದು ಎಷ್ಟರಲ್ಲಿ? ತಲೆಗೆ ದಿನಕ್ಕೆ 55 ಲೀಟರ್ ಕೊಡುತ್ತೇವೆ ಎಂಬುದು ಯೋಜನೆಯ ಮಾತು. ಕೊಡಗಳ ಲೆಕ್ಕದಲ್ಲಿ ನಿಮಗೆ ಸಿಗುವುದು ಎಷ್ಟು ಎಂದು ಬರೆಯಿರಿ. ಶುದ್ಧ ನೀರಿನ ಘಟಕ ಕೆಟ್ಟು ಎಷ್ಟು ದಿನವಾಯಿತು? ನಮ್ಮ ಸೀಮೆಯ ಬೋರ್ ನೀರಿನ ಫ್ಲೋರೈಡ್ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆಯಾಗಿ ಕಾಣುತ್ತಿದೆ, ದೊಡ್ಡವರ ಮೊಣಕಾಲಲ್ಲಿ ನೋವಾಗಿ ಕೂತಿದೆ. ನೀರು ಪರೀಕ್ಷೆ ಮಾಡುವ ಕಿಟ್ ಊರಿನ ಹೆಣ್ಣುಮಕ್ಕಳ ಕೈಯಲ್ಲಿರಬೇಕು, ಎಲ್ಲಿದೆ ಎಂದು ಕೇಳಿ. ಕೆರೆ ಕಡೆಗೂ ಹೋಗಿ ಬನ್ನಿ. ಕೋಡಿ ಹರಿದದ್ದು ಯಾವಾಗ, ಹೂಳು ಎಷ್ಟಿದೆ, ಕೆರೆಗೆ ನೀರು ತರುವ ಹಳ್ಳವನ್ನು ಎಲ್ಲೆಲ್ಲಿ ಒತ್ತಿಕೊಂಡಿದ್ದಾರೆ ಎಂಬುದು ಹಿರಿಯರಿಗೆ ಬಾಯಿಪಾಠ. ಅವರನ್ನು ಜೊತೆಗೆ ಕರೆದುಕೊಂಡು ಹೋಗಿ ಕಾಗದದ ಮೇಲೆ ಒಂದು ನಕ್ಷೆ ಬರೆಸಿ.

ಹುಡುಗರೇ, ನಿಮಗೊಂದು ಕೆಲಸ. ಪಂಚಾಯಿತಿಯ ಕ್ರಿಯಾಯೋಜನೆ ಇ–ಗ್ರಾಮಸ್ವರಾಜ್ ಪೋರ್ಟಲಿನಲ್ಲಿ ಮೊಬೈಲಿನಲ್ಲೇ ಸಿಗುತ್ತದೆ. ಹೋದ ವರ್ಷದ ಪಟ್ಟಿ ತೆಗೆದು ಅಜ್ಜಂದಿರಿಗೆ, ಅಮ್ಮಂದಿರಿಗೆ ಜೋರಾಗಿ ಓದಿ ಹೇಳಿ. ಪಟ್ಟಿಯಲ್ಲಿರುವ ಚರಂಡಿ ನೆಲದ ಮೇಲೆ ಇದೆಯೇ ನೋಡಿ. 15ನೇ ಹಣಕಾಸು ಆಯೋಗ ಪಂಚಾಯಿತಿಗಳಿಗೆ ಕೊಟ್ಟ ಅನುದಾನದಲ್ಲಿ 2021–22ರಿಂದ ನೂರಕ್ಕೆ 60 ರೂಪಾಯಿಯನ್ನು ನೀರು ಮತ್ತು ನೈರ್ಮಲ್ಯಕ್ಕೇ ಖರ್ಚು ಮಾಡಬೇಕೆಂದು ಕಟ್ಟಿಹಾಕಿತ್ತು. ನಲ್ಲಿಗೆ ದುಡ್ಡಿಲ್ಲ ಎಂಬ ಮಾತನ್ನು ಆ ಲೆಕ್ಕ ಮುಂದಿಟ್ಟುಕೊಂಡು ವಿಚಾರಿಸೋಣ. ಜಗಳಕ್ಕೆ ಅಲ್ಲ. ಪಿಡಿಒ ಸಾಹೇಬರು, ಸದಸ್ಯರು, ನೀರುಗಂಟಿ ಅಣ್ಣ, ಆಶಾ ಅಕ್ಕ ಎಲ್ಲರೂ ನಮ್ಮ ಜೊತೆ ಕೂತು ಮಾಡಬೇಕಾದ ಕೆಲಸ ಇದು. ಅವರನ್ನು ಎದುರು ಪಾರ್ಟಿ ಎಂದು ನಿಲ್ಲಿಸಿಬಿಟ್ಟರೆ ನಾಳೆ ಪೈಪ್ ಒಡೆದಾಗ ಯಾರನ್ನು ಕರೆಯೋಣ? ನಮ್ಮ ಪಾಲಿನದನ್ನೂ ನಾವು ಮಾಡಬೇಕು. ಮನೆ ಕಂದಾಯ, ನೀರಿನ ತೆರಿಗೆ ಬಾಕಿ ಇರುವವರು ಕಟ್ಟಿಬಿಡಿ. ಟ್ಯಾಂಕಿನ ಸುತ್ತ ಕಲ್ಲು ಹಾಸಲು ಒಂದು ಭಾನುವಾರ ಶ್ರಮದಾನಕ್ಕೆ ಇಪ್ಪತ್ತು ಜನ ಸಿಕ್ಕರೂ ಸಾಕು, ನಾನು ಬುಟ್ಟಿ ಹೊರುತ್ತೇನೆ.

ಸಭೆಯಲ್ಲಿ ಒಂದು ಎಚ್ಚರ ಬೇಕು. ನನ್ನ ಮನೆ, ನನ್ನ ಬಿಲ್ಲು, ನನ್ನ ಪಿಂಚಣಿ ಎಂಬ ಅರ್ಜಿಗಳೇ ಮೊದಲ ಅರ್ಧ ಗಂಟೆ ನುಂಗಿಬಿಡುತ್ತವೆ. ಹೊತ್ತಾಯಿತು ಅಂದುಕೊಂಡು ಜನ ಎದ್ದು ಹೋಗುತ್ತಾರೆ. ಆ ಅರ್ಜಿಗಳೂ ಮುಖ್ಯ, ಇಲ್ಲ ಅನ್ನುವುದಿಲ್ಲ, ಕೊನೆಯಲ್ಲಿ ಕೊಡೋಣ. ಮೊದಲು ಊರಿನ ಕೆಲಸಗಳ ಪಟ್ಟಿ, ಯಾವುದು ಮೊದಲು ಎಂಬ ತೀರ್ಮಾನ. ವಸತಿ ಮನೆಗೆ ಯಾರು ಅರ್ಹರು ಎಂಬುದನ್ನೂ ಗ್ರಾಮಸಭೆಯಲ್ಲೇ ಎಲ್ಲರೆದುರು ಹೆಸರು ಓದಿ ಆರಿಸಬೇಕು. ಬರೆದ ನಡಾವಳಿಯನ್ನು ಗಟ್ಟಿಯಾಗಿ ಓದಿಸಿ, ಒಪ್ಪಿಗೆ ಆದ ಮೇಲೆ ಸಹಿ ಹಾಕಿ. ಪುಟದ ಫೋಟೊ ತೆಗೆದುಕೊಳ್ಳಿ. ಗ್ರಾಮಸಭೆಗೆ ಹತ್ತನೇ ಒಂದು ಭಾಗ ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟಾದರೂ ಸದಸ್ಯರು ಬಂದಿರಬೇಕು. ಬಂದವರಲ್ಲಿ ನೂರಕ್ಕೆ 30ಕ್ಕೆ ಕಡಿಮೆ ಇಲ್ಲದಂತೆ ಹೆಣ್ಣುಮಕ್ಕಳಿರಬೇಕು ಎನ್ನುತ್ತದೆ ನಮ್ಮ ಪಂಚಾಯತ್ ರಾಜ್ ಕಾಯಿದೆ. ಅಷ್ಟು ಜನ ಇಲ್ಲದೆ ಸಭೆ ಮುಗಿಯಿತು ಅಂದರೆ ಒಪ್ಪಬೇಡಿ.

ಅಕ್ಕಂದಿರೇ, ನಿಮಗೆ ಬೇರೆಯಾಗಿ ಒಂದು ಮಾತು. ಪಂಚಾಯಿತಿಯಲ್ಲಿ ಅರ್ಧ ಸ್ಥಾನ ನಮ್ಮದು. ಗೆದ್ದವಳು ಕುರ್ಚಿಯ ಮೇಲೆ ಕೂತು ಮಾತು ಮಾತ್ರ ಗಂಡ ಆಡುವುದು ಇನ್ನು ಬೇಡ. ಅವಳೇ ಹೇಳಲಿ, ತಡವರಿಸಿದರೂ ನಾವು ಕಾಯೋಣ. ನೀವೂ ಹಿಂದಿನ ಗೋಡೆಗೆ ಒರಗಿ ಕೂರಬೇಡಿ. ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋದ ನಮ್ಮ ಹುಡುಗಿಯರಿಗೂ ಫೋನ್ ಮಾಡಿ. ಓಟು ಇಲ್ಲೇ ಇರುವವರು ಈ ಸಭೆಯ ಸದಸ್ಯರೇ. ಶಕ್ತಿ ಯೋಜನೆ ಇದೆ, ಬಸ್ ಚಾರ್ಜಿನ ಚಿಂತೆಯಿಲ್ಲ. ಶುಕ್ರವಾರ ರಾತ್ರಿ ಹತ್ತಿದರೆ ಬೆಳಿಗ್ಗೆ ಊರಲ್ಲಿರುತ್ತಾರೆ.

ನೀರುಗಂಟಿ ಅಣ್ಣ ಶುಕ್ರವಾರ ಸಂಜೆ ತಮಟೆ ಹೊಡೆದು ಸಾರುತ್ತಾರೆ. ಶಾಲೆಯ ಅಂಗಳಕ್ಕೆ ಜಮಖಾನೆ ಹಾಸಿರುತ್ತೇವೆ, ಕುಡಿಯುವ ನೀರು ಇಟ್ಟಿರುತ್ತೇವೆ, ಕೈಗೂಸು ಇರುವವರಿಗೆ ಜಗುಲಿಯ ನೆರಳಲ್ಲಿ ಜಾಗ ಇರುತ್ತದೆ. ನಡೆಯಲಾಗದ ಅಜ್ಜಿಯರನ್ನು ಕರೆತರಲು ಒಂದು ಆಟೊ ಹೇಳಿದ್ದೇವೆ. ನಿಮ್ಮ ಮನೆಗೆ ಬೇಕಿದ್ದರೆ ಅಂಗನವಾಡಿಯಲ್ಲಿ ಹೆಸರು ಬರೆಸಿ. ಬರುವಾಗ ನೋಟ್‌ಬುಕ್ ತನ್ನಿ, ಒಂದು ಪೆನ್ನು ತನ್ನಿ. ನಡುವೆ ಯಾರಾದರೂ ಹಾಜರಿ ಪುಸ್ತಕ ಹಿಡಿದು ಮನೆ ಬಾಗಿಲಿಗೆ ಬಂದರೆ, "ಶನಿವಾರ 3 ಗಂಟೆಗೆ ಅಲ್ಲೇ ಬಂದು ಹಾಕ್ತೀವಿ" ಎಂದು ಹೇಳಿ ಕಳಿಸಿ.