ನೀಟ್ ದಾಟದ ಮಕ್ಕಳಿಗೂ ಪ್ರಯೋಗಾಲಯದ ಬಾಗಿಲು ತೆರೆಯಲಿ

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ,



ಆದಿ ಉಡುಪಿಯಲ್ಲಿ ಬಸ್ ಹತ್ತಿದರೆ ಅರ್ಧ ಗಂಟೆಯಲ್ಲಿ ಮಣಿಪಾಲ. ಆದರೆ ವೈದ್ಯಕೀಯ ಪ್ರವೇಶ ಪರೀಕ್ಷೆ ನೀಟ್‌ನಲ್ಲಿ ಸೀಟು ಸಿಗದ ನಮ್ಮ ಮಕ್ಕಳಿಗೆ ಆ ದಾರಿ ಬಹಳ ಉದ್ದ. "ಡಾಕ್ಟರ್ ಆಗಲಿಲ್ಲ, ಬಿ.ಎಸ್ಸಿ.ಗೆ ಹಾಕಿದೆವು" ಎಂದು ತಂದೆತಾಯಿ ದನಿ ತಗ್ಗಿಸಿ ಹೇಳುವುದನ್ನು ಪ್ರಾಣಿಶಾಸ್ತ್ರ ಕಲಿಸಿದ ಅಷ್ಟೂ ವರ್ಷ ಕೇಳಿದ್ದೇನೆ. ಆ ದನಿ ಯಾಕೆ ತಗ್ಗಬೇಕು?

2018ರ ಮೇ ತಿಂಗಳಲ್ಲಿ ಕೋಝಿಕ್ಕೋಡಿನ ಪೇರಾಂಬ್ರದಿಂದ ಬಂದ ಮಾದರಿಗಳಲ್ಲಿ ನಿಪಾ ವೈರಸ್ ಮೊದಲು ಪತ್ತೆಯಾದದ್ದು ಮಣಿಪಾಲದ ಪ್ರಯೋಗಾಲಯದಲ್ಲಿ. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಆಮೇಲೆ ಅದನ್ನು ದೃಢಪಡಿಸಿತು. ಇಂಥ ಪ್ರಯೋಗಾಲಯಗಳು ನಡೆಯುವುದು ವೈದ್ಯರ ಜೊತೆಗೆ ಸೂಕ್ಷ್ಮಜೀವಿಶಾಸ್ತ್ರ, ಜೀವರಸಾಯನಶಾಸ್ತ್ರ ಓದಿದವರಿಂದ. ಅವರಿಗೆ ಮಾಡಲು ಕೆಲಸವೂ ಬೇಕಾದಷ್ಟಿದೆ. ಘಟ್ಟದ ಮೇಲಿನ ಮಂಗನ ಕಾಯಿಲೆಯನ್ನೇ ನೋಡಿ. ಕ್ಯಾಸನೂರು ಕಾಡಿನಲ್ಲಿ 1957ರಲ್ಲೇ ಗುರುತಾದ ರೋಗ. ಉಣುಗು ಕಚ್ಚಿ ಮಲಗಿದವರಿಗೆ ಅದಕ್ಕೆಂದೇ ಇರುವ ಔಷಧಿ ಇವತ್ತಿಗೂ ಇಲ್ಲ. ಹಳೆಯ ಲಸಿಕೆ ಸಾಕಷ್ಟು ರಕ್ಷಣೆ ಕೊಡದೆ ಬಳಕೆಯಿಂದ ಹೊರಬಿತ್ತು. ನಮ್ಮ ಕಾಡಿನ ರೋಗಕ್ಕೆ ನಮ್ಮ ಮಕ್ಕಳಲ್ಲದೆ ಇನ್ಯಾರು ಆಯುಷ್ಯ ಕೊಟ್ಟು ದುಡಿಯುತ್ತಾರೆ?

ಕಾಪು ಕಡೆಯ ಮೀನುಗಾರರ ಮನೆಯ ಹುಡುಗಿಯೊಬ್ಬಳು ನನ್ನ ವಿದ್ಯಾರ್ಥಿನಿ. ವೈರಸ್ ಪತ್ತೆಗೆ ಬಳಸುವ ಪಿಸಿಆರ್ ಕ್ರಿಯೆಯನ್ನು ನಾನು ಬೋರ್ಡಿನ ಮೇಲೆ ಚಿತ್ರ ಬರೆದು ಕಲಿಸಿದ್ದೆ. ಅವಳು ಅದನ್ನು ನನಗಿಂತ ಚೆನ್ನಾಗಿ ವಿವರಿಸುತ್ತಿದ್ದಳು. ಪದವಿ ಮುಗಿಸಿ ಒಂದು ಪ್ರಯೋಗಾಲಯದ ಸಂದರ್ಶನಕ್ಕೆ ಹೋದಾಗ ಅತಿ ಸಣ್ಣ ಪ್ರಮಾಣದ ದ್ರವ ಅಳೆಯುವ ಮೈಕ್ರೋಪಿಪೆಟ್ ಕೈಗೆ ಕೊಟ್ಟರು. ದ್ರವ ಹೀರುವಾಗ ಗುಂಡಿಯನ್ನು ಮೊದಲ ತಡೆಯವರೆಗೆ ಮಾತ್ರ ಒತ್ತಬೇಕು, ಹೊರಬಿಡುವಾಗ ಎರಡನೆಯದರವರೆಗೆ. ಅವಳು ಮೊದಲೇ ಪೂರ್ತಿ ಒತ್ತಿದಳು. ಅಳತೆ ತಪ್ಪಿತು, ಕೆಲಸವೂ ತಪ್ಪಿತು. ಮೂರು ವರ್ಷದ ಪದವಿಯಲ್ಲಿ ಆ ಉಪಕರಣವನ್ನು ಅವಳು ಮುಟ್ಟಿರಲೇ ಇಲ್ಲ. ಆ ತಪ್ಪು ಅವಳದ್ದಲ್ಲ.

ಸಂಶೋಧನೆ ಮಾಡುವವರಿಗೆ ಹಣ ಸಿಗುತ್ತದೆ ಎಂದರೆ ಇಲ್ಲಿಯ ಎಷ್ಟೋ ಮನೆಗಳಲ್ಲಿ ನಂಬುವುದಿಲ್ಲ. ಕೇಂದ್ರದ ಕಿರಿಯ ಸಂಶೋಧನಾ ಫೆಲೋಶಿಪ್ 2023ರಿಂದ ತಿಂಗಳಿಗೆ 37,000 ರೂಪಾಯಿ. ಆದರೆ ಅದಕ್ಕೆ ಬರೆಯಬೇಕಾದ ಸಿಎಸ್ಐಆರ್ ನೆಟ್ ಪರೀಕ್ಷೆಯ ಪ್ರಶ್ನೆಪತ್ರಿಕೆ ಇಂಗ್ಲಿಷ್, ಹಿಂದಿಗಳಲ್ಲಿ ಮಾತ್ರ. ರಾಜ್ಯದ ವಿಜ್ಞಾನ ಉತ್ತೇಜನ ಸಂಸ್ಥೆ ಕೆಸ್ಟೆಪ್ಸ್ ಕೂಡ ಪಿಎಚ್.ಡಿ.ಗೆ ಶಿಷ್ಯವೇತನ ಕೊಡುತ್ತದೆ. ಮೇಲಿನ ಮೆಟ್ಟಿಲುಗಳಿವೆ; ಪ್ರಯೋಗಾಲಯದಲ್ಲಿ ಕೈ ಪಳಗಿಸುವ ಮೊದಲನೆಯದೇ ಇಲ್ಲ.

ನಾನು ಕೇಳುವುದು ಹೊಸ ಕಟ್ಟಡವನ್ನಲ್ಲ. ಅಜ್ಜರಕಾಡಿನಿಂದ ಕಾರ್ಕಳದವರೆಗಿನ ಸರ್ಕಾರಿ ಪದವಿ ಕಾಲೇಜುಗಳ ಜೀವವಿಜ್ಞಾನ ವಿದ್ಯಾರ್ಥಿಗಳನ್ನು ಕೊನೆಯ ವರ್ಷ ಆರು ವಾರ ಮಣಿಪಾಲ, ಕೊಣಾಜೆ, ದೇರಳಕಟ್ಟೆಯ ಪ್ರಯೋಗಾಲಯಗಳಿಗೆ ಕಳಿಸಿ. ಒಪ್ಪಂದಕ್ಕೆ ಸರ್ಕಾರವೇ ಸಹಿ ಹಾಕಲಿ. ಬಸ್ಸಿನ ಖರ್ಚು, ಊಟದ ಖರ್ಚು ಕೊಡಲಿ, ಇಲ್ಲದಿದ್ದರೆ ಬಡವರ ಮಕ್ಕಳು ಹೋಗಲಾರರು. ಜಿಲ್ಲೆಗೊಬ್ಬರು ಮಾರ್ಗದರ್ಶಕರನ್ನು ನೇಮಿಸಿ, ಕನ್ನಡದಲ್ಲಿ, ಬೇಕಾದರೆ ತುಳುವಿನಲ್ಲಿ, ಮನೆಯವರಿಗೆ ಈ ದಾರಿಯನ್ನು ತಿಳಿಸಿ ಹೇಳುವಂಥವರನ್ನು.

ಹೊಸ ತರಗತಿಗಳು ಶುರುವಾಗುವ ಮೊದಲೇ ಈ ಆದೇಶ ಹೊರಡಿಸಬೇಕೆಂದು ಬೇಡಿಕೊಳ್ಳುತ್ತೇನೆ.

ಇತಿ,
ನಿವೃತ್ತ ಪ್ರಾಣಿಶಾಸ್ತ್ರ ಉಪನ್ಯಾಸಕಿ,
ಆದಿ ಉಡುಪಿ