ಗೃಹೋಪಯೋಗಿ ವಿಚಾರ: ಯಂತ್ರವನ್ನೇ ಕೇಳಿರಿ

ಅಕ್ಕಿಯನ್ನು ಅಂಗೈಯಲ್ಲಿ ಹರಡಿ ನೋಡದೆ ಕೊಳ್ಳುವ ಗೃಹಸ್ಥರು ವಿರಳ. ತುಪ್ಪವನ್ನು ಮೂಸಿ ನೋಡುವೆವು. ಚಿನ್ನವನ್ನು ಒರೆಗೆ ಹಚ್ಚಿಸುವೆವು. ಆದರೆ ಸಾವಿರಾರು ರೂಪಾಯಿ ತೆತ್ತು ತಂದ ಗಣಕಯಂತ್ರದ ವಿಷಯದಲ್ಲಿ ಮಾತ್ರ ಅಂಗಡಿಯವರು ಆಡಿದುದೇ ವೇದವಾಕ್ಯವಾಗಿರುವುದು. ಇದು ತರವಲ್ಲ.

ಈಚೆಗೆ ನಮ್ಮ ಮನೆಯಲ್ಲಿಯೇ ನಡೆದ ಸಂಗತಿಯನ್ನು ಹೇಳುವೆವು. ಮಗಳು ಓದಿಗೆ ಬಳಸುತ್ತಿದ್ದ ಯಂತ್ರವು ತೀರ ನಿಧಾನವಾಯಿತು. ರಿಪೇರಿಯವರು ನೋಡಿ, “ಇದು ಮುದಿಯಾಯಿತು, ಹೊಸದನ್ನು ಕೊಳ್ಳುವುದೇ ಲೇಸು” ಎಂದರು. ಪರೀಕ್ಷೆ ಸಮೀಪಿಸಿದ್ದಿತು. ಮನೆಯಾಕೆ ಕೂಡಿಟ್ಟಿದ್ದ ಹಣಕ್ಕೆ ಕೈಹಾಕುವ ಮುನ್ನ ಯಂತ್ರವನ್ನೇ ವಿಚಾರಿಸೋಣವೆಂದು ಕುಳಿತೆವು.

ಅದರಲ್ಲಿ ಇದ್ದುದು ಲಿನಕ್ಸ್. 1991ರಲ್ಲಿ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸ್ ಎಂಬವರು ಇದನ್ನು ಆರಂಭಿಸಿದರು. ಇದರಲ್ಲಿ ‘ಟರ್ಮಿನಲ್’ ಎಂಬ ಕಿಟಕಿಯನ್ನು ತೆರೆದು, ಇಂಗ್ಲಿಷಿನ ಚಿಕ್ಕ ಅಕ್ಷರಗಳಲ್ಲಿ ಆಜ್ಞೆಯನ್ನು ಬರೆದು ‘ಎಂಟರ್’ ಒತ್ತಿದರೆ ಯಂತ್ರವು ಉತ್ತರ ಕೊಡುವುದು. ‘ಎಲ್ ಎಸ್’ ಎಂಬೆರಡು ಅಕ್ಷರಗಳಿಗೆ ‘ಪಟ್ಟಿಮಾಡು’ ಎಂದರ್ಥ. ಅವಕ್ಕೆ ತೆರಪಿಲ್ಲದೆ ‘ಸಿ ಪಿ ಯು’ ಸೇರಿಸಿದರೆ ಪ್ರೊಸೆಸರಿನ ಹೆಸರೂ ಅದರ ಕೋರುಗಳ ಸಂಖ್ಯೆಯೂ ದೊರೆಯುವುವು. ‘ಯು ಎಸ್ ಬಿ’ ಸೇರಿಸಿದರೆ ಹೊರಗಿನಿಂದ ಜೋಡಿಸಿದ ಮೌಸು ಮೊದಲಾದುವೂ, ‘ಪಿ ಸಿ ಐ’ ಸೇರಿಸಿದರೆ ಒಳಗಿನ ಚಿತ್ರದ ಕಾರ್ಡು, ವೈಫೈ ಕಾರ್ಡು ಇತ್ಯಾದಿಗಳೂ, ‘ಬಿ ಎಲ್ ಕೆ’ ಸೇರಿಸಿದರೆ ಡಿಸ್ಕುಗಳೂ ಕಾಣುವುವು. ಇವೆಲ್ಲ ನೋಡುವ ಆಜ್ಞೆಗಳೇ ಹೊರತು ಏನನ್ನೂ ಬದಲಿಸುವುವಲ್ಲ, ಆದುದರಿಂದ ಅಂಜಬೇಕಾದುದಿಲ್ಲ.

ನಮ್ಮ ಪ್ರೊಸೆಸರಿನಲ್ಲಿ 4 ಕೋರುಗಳಿದ್ದುವು, ಅದು ಮುದಿಯಲ್ಲ. ಡಿಸ್ಕಿನ ಆಜ್ಞೆಯ ಮುಂದೆ ತೆರಪು ಬಿಟ್ಟು ‘ಹೈಫನ್ ಓ’, ಮತ್ತೆ ತೆರಪು ಬಿಟ್ಟು ‘ನೇಮ್, ರೋಟಾ’ ಎಂದು ನಡುವೆ ತೆರಪಿಲ್ಲದೆ ಬರೆದೆವು. ‘ರೋಟಾ’ದ ಕೆಳಗೆ 1 ಬಂದರೆ ಸಾಧಾರಣವಾಗಿ ಅದು ತಿರುಗುವ ಹಳೆಯ ಬಗೆಯ ಡಿಸ್ಕು, 0 ಬಂದರೆ ತಿರುಗದ, ವೇಗದ ಎಸ್ಎಸ್‌ಡಿ. ನಮಗೆ ಬಂದುದು 1. ‘ಫ್ರೀ’ ಎಂದು ಬರೆದು, ತೆರಪು ಬಿಟ್ಟು ‘ಹೈಫನ್ ಎಚ್’ ಎನ್ನಲು ರ್‍ಯಾಮಿನ ಮೊತ್ತ 4 ಗಿಗಾಬೈಟಿಗೆ ತುಸು ಕಡಿಮೆಯೆಂದು ತೋರಿತು. ಈ ತುಸು ಕೊರತೆಯನ್ನು ಕಂಡು ಅಂಗಡಿಯವರನ್ನು ದೂರಬಾರದು. ಯಂತ್ರವು ತನ್ನ ಕೆಲಸಕ್ಕೆಂದು ಕೊಂಚ ಭಾಗವನ್ನು ಮೊದಲೇ ತೆಗೆದಿಟ್ಟುಕೊಳ್ಳುವುದು. ರೋಗ ಯಾವುದೆಂದು ಈಗ ಸ್ಪಷ್ಟವಾಯಿತು.

ರ್‍ಯಾಮನ್ನು ಇನ್ನೂ ಸೇರಿಸಲು ಸ್ಥಳವಿದೆಯೆ? ಇದಕ್ಕೆ ‘ಡಿ ಎಂ ಐ ಡಿಕೋಡ್’ ಎಂಬ ಆಜ್ಞೆಯುಂಟು. ‘ಡಿ ಎಂ ಐ’ ಮತ್ತು ‘ಡಿಕೋಡ್’ಗಳನ್ನು ಒಂದಾಗಿ ಬರೆದು, ಹಿಂದೆ ಯಜಮಾನಿಕೆಯ ಅಧಿಕಾರವನ್ನು ಕೊಡುವ ‘ಸುಡೋ’ ಎಂಬುದನ್ನೂ, ಮುಂದೆ ‘ಹೈಫನ್ ಟಿ’, ‘ಮೆಮೊರಿ’ ಎಂಬುವನ್ನೂ ತೆರಪು ಬಿಟ್ಟು ಬರೆಯತಕ್ಕದ್ದು. ಸ್ಲಾಟುಗಳು ಎರಡು, ಒಂದು ಖಾಲಿ ಎಂದು ಉತ್ತರ ಬಂದಿತು. ಹಿಗ್ಗಿನಿಂದ ಹಣ ಕಳುಹಿಸಲಿದ್ದೆವು. ಆಗ ಮಗಳು, “ಅಪ್ಪಾ, ಮುಚ್ಚಳ ತೆಗೆದು ಒಮ್ಮೆ ನೋಡೋಣ” ಎಂದಳು. ನೋಡಿದರೆ ಇದ್ದುದು ಒಂದೇ ಸ್ಲಾಟು! ಈ ಆಜ್ಞೆಯು ಭಾಗಗಳನ್ನು ಮುಟ್ಟಿ ನೋಡುವುದಿಲ್ಲ. ತಯಾರಕರು ಬರೆದಿಟ್ಟ ಕೋಷ್ಟಕವನ್ನು ಓದಿ ಹೇಳುವುದಷ್ಟೆ. ಆ ಕೋಷ್ಟಕವನ್ನು ಪೂರ್ತಿ ನಂಬಲಾಗದೆಂದು ಅದರ ಕೈಪಿಡಿಯೇ ಎಚ್ಚರಿಸಿರುವುದು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡೆಂಬ ಗಾದೆ ಸುಳ್ಳಲ್ಲ.

ಕಡೆಗೆ ಇದ್ದ ಸ್ಲಾಟಿಗೇ 8 ಗಿಗಾಬೈಟಿನ ರ್‍ಯಾಮನ್ನು ಹಾಕಿಸಿ, ತಿರುಗುವ ಡಿಸ್ಕಿನ ಬದಲು ಎಸ್ಎಸ್‌ಡಿ ಇರಿಸಿದೆವು. ಮನೆಯಾಕೆಯ ಗಂಟಿನ ಬಹುಪಾಲು ಗಂಟಾಗಿಯೇ ಉಳಿಯಿತು. ಮಗಳು ಅದೇ ಯಂತ್ರದಲ್ಲಿ ಓದಿ ಪರೀಕ್ಷೆಗೆ ಕುಳಿತಳು.

ವಾಚಕರು ಬಿಡುವಾದಾಗ ತಮ್ಮ ಯಂತ್ರವನ್ನು ಹೀಗೆ ವಿಚಾರಿಸಿ, ಉತ್ತರಗಳನ್ನು ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಡಬೇಕೆಂದು ಕೋರುವೆವು. ಆದರೆ ಪಟ್ಟಿಯನ್ನು ಪರರಿಗೆ ತೋರಿಸುವಾಗ ಕ್ರಮಸಂಖ್ಯೆಗಳನ್ನು ಅಳಿಸಿಯೇ ತೋರಿಸತಕ್ಕದ್ದು. ನಮ್ಮ ಮನೆಯ ಸೊತ್ತಿನ ಗುರುತು ನಮ್ಮಲ್ಲಿಯೇ ಇರಲಿ.