ಹಿಂದಿನ ಶಾಕ್ ಅಬ್ಸಾರ್ಬರ್: ಮಾಲೀಕನೇ ಬಗ್ಗಿ ನೋಡಬೇಕು

ಟ್ಯಾಕ್ಸಿ, ಲಾರಿ, ಬಸ್ಸುಗಳಿಗೆ ಮೊದಲ 8 ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ ಆಗಬೇಕು. ಸ್ವಂತ ಬಳಕೆಯ ಕಾರಿಗೆ ಹಾಗಿಲ್ಲ. ಒಮ್ಮೆ ನೋಂದಣಿಯಾದರೆ 15 ವರ್ಷ ಎಫ್‌ಸಿಯ ಮಾತೇ ಇಲ್ಲ. ನಡುವೆ ಮಾಡಿಸುವ ಎಮಿಷನ್ ತಪಾಸಣೆ ಹೊಗೆಯನ್ನಷ್ಟೇ ಅಳೆಯುತ್ತದೆ. ಅಷ್ಟೂ ಕಾಲ ಕಾರಿನ ಅಡಿಭಾಗವನ್ನು ಬಗ್ಗಿ ನೋಡುವ ಜವಾಬ್ದಾರಿ ಮಾಲೀಕನದೇ.

ಐಟಿಐನಲ್ಲಿ ಮೋಟಾರು ವಾಹನ ಮೆಕ್ಯಾನಿಕ್ ವಿಭಾಗದ ಮಕ್ಕಳಿಗೆ ಪಾಠ ಹೇಳಿ ನಿವೃತ್ತನಾದವನು ನಾನು. ಈಗ ಸಾಗರದಲ್ಲಿದ್ದೇನೆ. ಇಲ್ಲಿ ಜನ ಎಂಜಿನ್ ಆಯಿಲನ್ನು ಹೊತ್ತಿಗೆ ಸರಿಯಾಗಿ ಬದಲಿಸುತ್ತಾರೆ, ಹಿಂದಿನ ಶಾಕ್ ಅಬ್ಸಾರ್ಬರನ್ನು ಮಾತ್ರ ಮರೆತುಬಿಡುತ್ತಾರೆ. ಅದು ಹಾಳಾದರೆ ಕಾರು ನಿಲ್ಲುವುದಿಲ್ಲ, ಓಡುತ್ತಲೇ ಇರುತ್ತದೆ. ಕುಲುಕಾಟ ತಿನ್ನುವವರು ಹಿಂದಿನ ಸೀಟಿನ ಅಜ್ಜಿ, ಮಕ್ಕಳು. ಬೈಗುಳ ತಿನ್ನುವುದು ರಸ್ತೆ.

ಕಾರಿನ ಭಾರ ಹೊರುವುದು ಸ್ಪ್ರಿಂಗ್. ಅದು ಒಮ್ಮೆ ಕುಣಿಯತೊಡಗಿದರೆ ನಿಲ್ಲಿಸುವುದು ಶಾಕ್ ಅಬ್ಸಾರ್ಬರ್. ಒಳಗಿನ ಎಣ್ಣೆ ಸಣ್ಣ ವಾಲ್ವುಗಳ ಮೂಲಕ ನುಗ್ಗುವಾಗ ಕುಣಿತದ ಶಕ್ತಿ ಶಾಖವಾಗಿ ಕರಗುತ್ತದೆ. ಸೀಲ್ ಸವೆದು ಎಣ್ಣೆ ಸೋರಿದರೆ ಚಕ್ರ ನೆಲ ಬಿಟ್ಟು ನೆಗೆಯುತ್ತದೆ, ಬ್ರೇಕಿಗೆ ಬೇಕಾದ ಹಿಡಿತ ತಪ್ಪುತ್ತದೆ. ಮಲೆನಾಡಿನ ಮಳೆಯಲ್ಲಿ, ತಿರುವಿನ ಇಳಿಜಾರಿನಲ್ಲಿ ಇದರ ಅರ್ಥವೇನೆಂದು ಬಿಡಿಸಿ ಹೇಳಬೇಕಿಲ್ಲ.

ರಸ್ತೆಯ ಪಾಲೂ ಇದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲೇ ಹಂಪಿನ ಅಳತೆ ಹೇಳಿದೆ: ಅಗಲ 3.7 ಮೀಟರ್, ಎತ್ತರ 10 ಸೆಂಟಿಮೀಟರ್, ಗಂಟೆಗೆ 25 ಕಿ.ಮೀ. ವೇಗಕ್ಕೆ. ಊರಿನವರೇ ರಾತ್ರೋರಾತ್ರಿ ಹಾಕಿಕೊಂಡ ಮಣ್ಣು, ಸಿಮೆಂಟಿನ ದಿಬ್ಬಗಳಿಗೆ ಈ ಅಳತೆ ಎಲ್ಲಿಂದ ಬರಬೇಕು? ಅವು ಸರಿಯಾಗುವವರೆಗೆ ನಮ್ಮ ಕಾರನ್ನು ನಾವೇ ನೋಡಿಕೊಳ್ಳಬೇಕು.

ನೋಡುವುದು ಕಷ್ಟವಲ್ಲ. ಶಾಕ್ ಅಬ್ಸಾರ್ಬರಿನ ಮೈಮೇಲೆ ಎಣ್ಣೆ ಇಳಿದು ಧೂಳು ಮೆತ್ತಿದೆಯೇ, ಟೈರು ಅಲ್ಲಲ್ಲಿ ಗುಳಿಬಿದ್ದಂತೆ ಸವೆದಿದೆಯೇ, ಹಂಪು ದಾಟಿದ ಮೇಲೂ ಹಿಂಭಾಗ ಎದ್ದುಬಿದ್ದು ಮಾಡುತ್ತದೆಯೇ, ಇಷ್ಟು ಗಮನಿಸಿದರೆ ಸಾಕು.

ನಮ್ಮ ಹಳೆಯ ಆಲ್ಟೊದ ಹಿಂದಿನ ಜೋಡಿಯನ್ನು ನಾನೂ ಮಗಳೂ ಅಂಗಳದಲ್ಲೇ ಬದಲಿಸಿದೆವು. ಹಿಂದಿನ ದಿನವೇ ತುಕ್ಕು ಹಿಡಿದ ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟಿದ್ದೆವು. ಮಗಳಿಗೆ ನಾನು ಮೊದಲು ಹೇಳಿಕೊಟ್ಟದ್ದು ಹ್ಯಾಂಡ್‌ಬ್ರೇಕಿನ ವಿಷಯ. ಅದು ಹಿಡಿಯುವುದು ಹಿಂದಿನ ಚಕ್ರಗಳನ್ನು. ಅವನ್ನೇ ಎತ್ತಿದ ಮೇಲೆ ಕಾರನ್ನು ತಡೆಯಲು ಅದರಿಂದಾಗದು. ಸಮತಟ್ಟಾದ ಗಟ್ಟಿ ನೆಲ, ಮುಂದಿನ ಚಕ್ರಗಳ ಎರಡೂ ಬದಿಗೆ ಮರದ ಅಡೆ, ಗೇರಿನಲ್ಲಿಟ್ಟ ಕಾರು, ಜಾಕ್ ಎತ್ತಿದ ಮೇಲೆ ಬಾಡಿಯ ಕೆಳಗೆ ಎರಡು ಕಬ್ಬಿಣದ ಸ್ಟ್ಯಾಂಡು, ಇವಿಲ್ಲದೆ ಕೈ ಹಾಕಬಾರದು. ಸ್ಟೆಪ್ನಿ ಜೊತೆ ಬರುವ ಜಾಕ್ ಚಕ್ರ ಬದಲಿಸಲು ಮಾತ್ರ. ಅದನ್ನು ನಂಬಿ ಕಾರಿನಡಿ ಹೋಗುವುದು ಪ್ರಾಣಕ್ಕೆ ಕುತ್ತು.

ಆಕ್ಸಲ್‌ಗೂ ಬೇರೆ ಆಧಾರ ಬೇಕು. ಶಾಕ್ ಬಿಚ್ಚಿದೊಡನೆ ಅದು ಕೆಳಕ್ಕೆ ಜಗ್ಗುತ್ತದೆ, ಬ್ರೇಕ್ ಹೋಸ್ ಎಳೆದುಕೊಳ್ಳುತ್ತದೆ, ಸ್ಪ್ರಿಂಗ್ ಜಾರಿ ಹೊರಬೀಳಬಹುದು. ಹೊಸ ಶಾಕನ್ನು ನೆಟ್ಟಗೆ ಹಿಡಿದು ಕೆಲವು ಸಲ ಒತ್ತಿ ಬಿಟ್ಟರೆ ಒಳಗಿನ ಗಾಳಿ ಮೇಲೇರುತ್ತದೆ. ನಟ್ಟಿನ ಜೊತೆ ರಾಡೂ ತಿರುಗಿದರೆ ಅದರ ತುದಿಯನ್ನು ಪಾನಾದಿಂದ ಹಿಡಿಯಬೇಕು. ಹೊಳೆಯುವ ರಾಡಿಗೆ ಇಕ್ಕಳ ತಾಗಿ ಗೀರು ಬಿದ್ದರೆ ಸೀಲ್ ಬೇಗ ಹರಿಯುತ್ತದೆ. ರಬ್ಬರ್ ಬುಶ್ಶಿನ ಬೋಲ್ಟುಗಳನ್ನು ಕಾರಿನ ಭಾರ ಚಕ್ರದ ಮೇಲೆ ಬಿದ್ದ ನಂತರ, ಕಂಪನಿ ಹೇಳಿದ ಟಾರ್ಕಿಗೆ ಬಿಗಿಯಬೇಕು. ತೂಗಾಡುತ್ತಿರುವಾಗಲೇ ಬಿಗಿದರೆ ಬುಶ್ ಸದಾ ತಿರುಚಿಕೊಂಡಿದ್ದು ಬೇಗ ಒಡೆಯುತ್ತದೆ. ಒಂದು ಬದಿ ಮಾತ್ರ ಕೆಟ್ಟಿದ್ದರೂ ಜೋಡಿಯನ್ನೇ ಬದಲಿಸಬೇಕು. ಇಲ್ಲವಾದರೆ ಎಡಬಲದ ಹಿಡಿತ ಒಂದೇ ಆಗದು.

ಮನೆಗೆಲಸಕ್ಕೆ ಒಂದು ಗಡಿಯೂ ಇದೆ. ಸ್ಪ್ರಿಂಗ್ ಬೇರೆ, ಶಾಕ್ ಬೇರೆ ಇರುವ ಹಿಂಭಾಗವನ್ನು ತಾಳ್ಮೆಯುಳ್ಳ ಯಾರಾದರೂ ಕಲಿತು ಮಾಡಬಹುದು. ಮುಂದಿನ ಸ್ಟ್ರಟ್ ಹಾಗಲ್ಲ. ಅಲ್ಲಿ ಅದುಮಿಟ್ಟ ಸ್ಪ್ರಿಂಗ್ ಸಿಡಿದರೆ ಕೈ ಮುರಿಯುತ್ತದೆ. ಅದನ್ನು ಗ್ಯಾರೇಜಿಗೇ ಬಿಡಿ. ಬದಲಿಸುವ ಧೈರ್ಯ ಇಲ್ಲದವರಿಗೂ ನೋಡುವ ಕಣ್ಣು ಬೇಕು. ಯಾವುದು ಸೋರಿದೆಯೆಂದು ಬಲ್ಲವರಿಗೆ ಗ್ಯಾರೇಜಿನವರು ಬೇಡದ ಬಿಡಿಭಾಗ ಹಾಕಲಾರರು.

ಚಾಲನಾ ತರಬೇತಿ ಶಾಲೆಗಳು ಕ್ಲಚ್ ಬಿಡುವುದರ ಜೊತೆಗೆ ಇಷ್ಟನ್ನಾದರೂ ಕಲಿಸಲಿ. ನೀವೂ ಮಳೆಗಾಲಕ್ಕೆ ಮುಂಚೆ ಒಮ್ಮೆ ಟಾರ್ಚ್ ಹಿಡಿದು ನಿಮ್ಮ ಕಾರಿನ ಹಿಂದಿನ ಚಕ್ರದ ಒಳಗೆ ನೋಡಿ. ಎಣ್ಣೆ ಕಂಡರೆ ಮುಂದಿನ ಸರ್ವೀಸಿನವರೆಗೆ ಕಾಯಬೇಡಿ.